ಮಕಾಡೆ ಬಿದ್ದ ಮಿಕಾಡೊ

ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರ ನಸುಕಿನಲ್ಲೇ ಎದ್ದು ಪುಣೆಯಿಂದ ಲೋನಾವಳಕ್ಕೆ ಹೋಗಿ, ಹತ್ತು ಗಂಟೆಗೆಲ್ಲ ಮನೆಗೆ ಬಂದವನು ಚೆನ್ನೈನ ಗೆಳೆಯನಿಗೆ ಫೋನು ಮಾಡಿದೆ. "ಬೆಳಬೆಳಗ್ಗೇನೇ ಎರಡು ಆಲ್ಕೊ ಹೊಡೆದೆ ಮಾರಾಯ, ಒಟ್ಟಿಗೇ!" ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ತುಮಕೂರಿನಿಂದ ಬಂದಿದ್ದ ಅತ್ತೆ ತಮ್ಮ ಮಗಳ ಕಡೆ ನೋಡಿದರು, ಮಗಳು ನನ್ನ ಕಡೆ ನೋಡಿದಳು. ಫೋಟೊ ಹೊಡೆಯುವುದಕ್ಕೂ ಎಣ್ಣೆ ಹೊಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಇರುವುದು ನನ್ನ ತಪ್ಪಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಆಲ್ಕೊ ಅಂದರೆ ಅಮೆರಿಕನ್ ಲೋಕೋಮೋಟಿವ್ ಕಂಪನಿ. ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನು ಅವರ ವಿನ್ಯಾಸದ್ದು. 1962ರಲ್ಲಿ ಮೊದಲ ಎಂಜಿನ್ನುಗಳು ಅಲ್ಲಿಂದ ಬಂದವು. 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದವು. ಆಲ್ಕೊ 1969ರಲ್ಲಿ ಬಾಗಿಲು ಹಾಕಿತು. ಅದರ ಹೆಸರು ಮಾತ್ರ ನಮ್ಮಂಥ ರೈಲು ಹುಚ್ಚರ ಬಾಯಲ್ಲಿ ಉಳಿದು, ಆಗಾಗ ಹೀಗೆ ಮಾನ ಕಳೆಯುತ್ತಿದೆ.

ಹೊರಗಿನವರ ಮಾತಿರಲಿ, ಈ ಭಾಷೆ ಒಳಗಿನವರನ್ನೂ ಎಡವಿಸುತ್ತದೆ. ಬ್ರಾಡ್‌ಗೇಜ್ ಎಂಜಿನ್ನಿನ ಹೆಸರು 'ಡಬ್ಲ್ಯು'ನಿಂದ ಯಾಕೆ ಶುರುವಾಗುತ್ತದೆ, 'ಬಿ'ಯಿಂದ ಯಾಕಿಲ್ಲ? ಡಬ್ಲ್ಯು ಅಂದರೆ 'ವೈಡ್' ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. 1920ರ ದಶಕದ ವಿನ್ಯಾಸಗಳಲ್ಲಿ ಬ್ರಾಡ್‌ಗೇಜಿಗೆ ಎಕ್ಸ್, ಮೀಟರ್‌ಗೇಜಿಗೆ ವೈ, ನ್ಯಾರೋಗೇಜಿಗೆ ಝಡ್ ಇತ್ತು. ಆಮೇಲೆ ಎಕ್ಸ್ ಜಾಗಕ್ಕೆ ಡಬ್ಲ್ಯು ಬಂತು. 1947ರಲ್ಲಿ ಬಂದ ಡಬ್ಲ್ಯುಪಿ ಎಂಬ ಉಗಿ ಎಂಜಿನ್ನಿನ ಚಕ್ರಜೋಡಣೆಗೆ 'ಪೆಸಿಫಿಕ್' ಎಂಬ ಹೆಸರು. ಹಾಗಾಗಿ ಪಿ ಅಂದರೆ ಪೆಸಿಫಿಕ್ ಎಂದು ಪಟ್ಟು ಹಿಡಿಯುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ. ಅದು ಪ್ಯಾಸೆಂಜರ್‌ನ ಪಿ. ಡಬ್ಲ್ಯುಎಲ್ ಕೂಡ ಪೆಸಿಫಿಕ್ಕೇ, ಅದರ ಹೆಸರಲ್ಲಿ ಪಿ ಎಲ್ಲಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಚಕ್ರಜೋಡಣೆಯನ್ನು ಅಂಕಿಗಳಲ್ಲಿ ಬರೆಯುತ್ತೇವೆ. ಮುಂದೆ ಎರಡು ಪುಟ್ಟ ಚಕ್ರ, ನಡುವೆ ಎಳೆಯುವ ಎಂಟು, ಹಿಂದೆ ಮತ್ತೆರಡು ಇದ್ದರೆ 2-8-2. ಫ್ರೆಡರಿಕ್ ವೈಟ್ ಎಂಬವರು ತಂದದ್ದರಿಂದ ಇದು ವೈಟ್ ಪದ್ಧತಿ. ನಮ್ಮ ಗುಂಪಿಗೆ ಹೊಸದಾಗಿ ಬಂದ ಹುಡುಗನೊಬ್ಬ "ಹಾಗಾದರೆ ಬ್ಲ್ಯಾಕ್ ಪದ್ಧತಿ ಯಾವುದು?" ಎಂದು ತಮಾಷೆ ಮಾಡಿದ. ಹಿರಿಯರೊಬ್ಬರು ಅದನ್ನು ಸಿಗ್ನಲಿನ 'ಬ್ಲಾಕ್ ಪದ್ಧತಿ' ಎಂದು ಕೇಳಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಹುಡುಗ ಕೊನೆಯವರೆಗೂ ತಲೆಯಾಡಿಸಿದ.

ಈ 2-8-2ಕ್ಕೆ 'ಮಿಕಾಡೊ' ಎಂಬ ಇನ್ನೊಂದು ಹೆಸರಿದೆ. ನನ್ನ ಕಥೆ ಇರುವುದು ಇದರಲ್ಲೇ. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಜಪಾನಿಗೆ ಈ ಬಗೆಯ ಎಂಜಿನ್ನುಗಳನ್ನು ಕಟ್ಟಿಕೊಟ್ಟಿತು. ಮಿಕಾಡೊ ಅಂದರೆ ಜಪಾನಿನ ಚಕ್ರವರ್ತಿ. ಅದೇ ಹೆಸರಿನ ಸಂಗೀತ ನಾಟಕವೂ ಆಗ ಅಲ್ಲಿ ಜನಪ್ರಿಯವಾಗಿತ್ತು. ಹೆಸರು ಅಂಟಿಕೊಂಡಿತು.

ನನಗೆ ಇದು ಗೊತ್ತಾದದ್ದು ಇಂಜಿನಿಯರಿಂಗ್ ಓದುವಾಗ, ಲೈಬ್ರರಿಯ ಒಂದು ಹಳೆಯ ಪುಸ್ತಕದಿಂದ. ರಜೆಗೆ ತಿಪಟೂರಿಗೆ ಹೋದಾಗ ದೊಡ್ಡಪ್ಪನ ಮುಂದೆ ಒದರಿದೆ. ಅವರು ಸೈನ್ಯದಲ್ಲಿದ್ದವರು, ಅರವತ್ತರ ದಶಕದಲ್ಲಿ ಅಸ್ಸಾಮಿನಲ್ಲಿ ಮೀಟರ್‌ಗೇಜ್ ರೈಲಿನಲ್ಲಿ ಓಡಾಡಿದವರು. "ಮಕಾಡೆ ಬಿದ್ದ ಎಂಜಿನ್ನು ನಾನು ನೋಡಿಲ್ಲ ಕಣ್ಲಾ. ಎಂಟು ಚಕ್ರದ್ದು ನಾನು ನೋಡಿದ್ದು ಮಕಾತ್ರು" ಅಂದರು. ನಾನು ಪುಸ್ತಕದ ಪುಟವನ್ನೇ ಹೇಳಿದೆ. ಮಕಾತ್ರು ಎಂಬ ಎಂಜಿನ್ನೇ ಇಲ್ಲ, ನೀವು ಕೇಳಿದ್ದು ಮಿಕಾಡೊ, ಬಾಯಲ್ಲಿ ಕೆಟ್ಟು ಮಕಾತ್ರು ಆಗಿದೆ ಎಂದು ತೀರ್ಪು ಕೊಟ್ಟೆ. ಮನೆಯವರೆಲ್ಲ ನಕ್ಕರು. ಆಮೇಲೆ ಎಷ್ಟೋ ವರ್ಷ ಹಬ್ಬ, ಮದುವೆ ಎಂದು ಸೇರಿದಾಗಲೆಲ್ಲ ಮಕಾತ್ರು ನಮ್ಮ ಮನೆಯ ಖಾಯಂ ತಮಾಷೆಯಾಯಿತು. ದೊಡ್ಡಪ್ಪ ಎಂಜಿನ್ನಿನ ಮಾತು ಆಡುವುದನ್ನೇ ಬಿಟ್ಟರು. ನಾನದನ್ನು ಗಮನಿಸಲೂ ಇಲ್ಲ.

ಎಂಎಡಬ್ಲ್ಯುಡಿ ಎಂಬ ಎಂಜಿನ್ನಿನ ಬಗ್ಗೆ ಓದಿದ್ದು ತೀರಾ ಇತ್ತೀಚೆಗೆ. ಮೀಟರ್‌ಗೇಜಿನ ಹೆಸರಲ್ಲಿ ಡಬ್ಲ್ಯು ಯಾಕೆ ಬಂತು ಎಂಬ ಕುತೂಹಲಕ್ಕೆ ಕೆದಕಿದೆ. ಇಲ್ಲಿ ಎಂ ಮೀಟರ್‌ಗೇಜ್, ಎ ಅಮೆರಿಕನ್, ಡಬ್ಲ್ಯುಡಿ ಅಂದರೆ ವಾರ್ ಡಿಪಾರ್ಟ್‌ಮೆಂಟ್. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ ಮೇಲೆ ಶತ್ರು ಚಕ್ರವರ್ತಿಯ ಹೆಸರಿನ ಎಂಜಿನ್ನು ಓಡಿಸಲು ಅಮೆರಿಕದವರಿಗೆ ಮನಸ್ಸು ಬರಲಿಲ್ಲ. ಜಪಾನಿನ ವಿರುದ್ಧ ಹೋರಾಡುತ್ತಿದ್ದ ಜನರಲ್ ಡಗ್ಲಾಸ್ ಮೆಕಾರ್ಥರ್ ಹೆಸರನ್ನು 2-8-2ಕ್ಕೆ ಇಟ್ಟರು. ಚೀನಾಕ್ಕೆ ಹೋಗುವ ಯುದ್ಧ ಸಾಮಗ್ರಿಯೆಲ್ಲ ಅಸ್ಸಾಮಿನ ಮೀಟರ್‌ಗೇಜ್ ಹಾದಿಯಲ್ಲಿ ಸಿಕ್ಕಿಬೀಳುತ್ತಿತ್ತು. 1944ರ ಮಾರ್ಚಿನಲ್ಲಿ ಅಮೆರಿಕದ ರೈಲ್ವೆ ಸೈನಿಕರೇ ಆ ಹಾದಿಯ ಓಡಾಟವನ್ನು ಕೈಗೆತ್ತಿಕೊಂಡರು. ಅಲ್ಲಿಗೆ ಬಂದ 2-8-2 ಎಂಜಿನ್ನಿಗೆ ಹೆಸರು 'ಮೆಕಾರ್ಥರ್'. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬಹುಪಾಲು ಮತ್ತೆ ಮಿಕಾಡೊ ಎಂದೇ ಬಳಕೆಗೆ ಬಂತು. ಅಸ್ಸಾಮಿನಲ್ಲಿ ಹೊಸ ಹೆಸರು ಹಾಗೇ ಉಳಿದು, ಸಿಪಾಯಿಗಳ ಬಾಯಿಗೆ ಬಿದ್ದು, ಒಬ್ಬ ತಿಪಟೂರಿನವರ ಜೊತೆ ಊರು ಸೇರಿತ್ತು. ಆ ಮೆಕಾರ್ಥರ್‌ಗಳನ್ನು ಕಟ್ಟಿದ ಕಾರ್ಖಾನೆಗಳಲ್ಲಿ ನನ್ನ ಮಾನ ಕಳೆದ ಆಲ್ಕೊ ಕೂಡ ಒಂದು.

ಕೆಟ್ಟ ಉಚ್ಚಾರಣೆ ಎಂದು ನಾನು ತಳ್ಳಿಹಾಕಿದ್ದು ಒಂದು ಮಹಾಯುದ್ಧದ ಗುರುತಾಗಿತ್ತು. ಪುಸ್ತಕದ ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬ ಚಾಳಿ ನನ್ನದು. ಆಫೀಸಿನಲ್ಲಿ ಅದನ್ನೇ ಶಿಸ್ತು ಎಂದು ಕರೆದುಕೊಳ್ಳುತ್ತೇನೆ.

ಅವತ್ತೇ ರಾತ್ರಿ ತಿಪಟೂರಿಗೆ ಫೋನು ಮಾಡಿದೆ. ದೊಡ್ಡಪ್ಪನಿಗೆ ಈಗ ಕಿವಿ ಮಂದ. "ದೊಡ್ಡಪ್ಪಾ, ನೀವು ಹೇಳಿದ್ದೇ ಸರಿ. ಅದು ಮೆಕಾರ್ಥರ್!" ಎಂದು ಕೂಗಿದೆ.

"ಯಾವ ಡಾಕ್ಟರು? ಯಾರಿಗೇನಾಯ್ತು?" ಎಂದು ಅವರು ಗಾಬರಿಯಾದರು.

"ಡಾಕ್ಟರಲ್ಲ, ಮೆಕಾರ್ಥರ್! ಎಂಜಿನ್ನು!"

"ಫೋನು ಸರಿ ಕೇಳ್ತಿಲ್ಲ ಕಣಪ್ಪ."

ಕೊನೆಗೆ ಅವರ ಮಾತಲ್ಲೇ ಹೇಳಿದೆ. "ಮಕಾತ್ರು, ದೊಡ್ಡಪ್ಪ. ಮಕಾತ್ರು."

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಹ್ಞೂಂ, ಎಂಟು ಚಕ್ರದ್ದು. ಅದ್ರ ಕೂಗು ಬ್ಯಾರೆ ಥರಾನೇ ಇರ್ತಿತ್ತು ಕಣ್ಲಾ..." ಎಂದು ಶುರುಮಾಡಿದರು. ಇಪ್ಪತ್ತು ನಿಮಿಷ ನಾನು ನಡುವೆ ಬಾಯಿ ಹಾಕಲಿಲ್ಲ.