ಬೂದಿ ಮತ್ತು ಪಾದುಕೆ: ಸಿಂಡರೆಲಾ ಕಥೆಯ ಪಾಠಭೇದಗಳ ವಿಚಾರ

ಕಥೆಯೊಂದು ಬಾಯಿಂದ ಬಾಯಿಗೂ ನಾಡಿನಿಂದ ನಾಡಿಗೂ ಸಂಚರಿಸುವಾಗ ಅದರ ಕೆಲವು ಅಂಶಗಳು ಉಳಿಯುತ್ತವೆ, ಕೆಲವು ಅಳಿಯುತ್ತವೆ, ಮತ್ತೆ ಕೆಲವು ಹೊಸದಾಗಿ ಬಂದು ಸೇರುತ್ತವೆ. ಇವುಗಳಲ್ಲಿ ಯಾವುದು ಕಥೆಯ ಶರೀರ, ಯಾವುದು ಆಭರಣ ಎಂದು ವಿಂಗಡಿಸುವುದು ಕಥೇತಿಹಾಸವನ್ನು ಶೋಧಿಸುವವರ ಮೊದಲ ಕರ್ತವ್ಯ. ಓಲೆಯ ಪ್ರತಿಗಳಲ್ಲಿ ಪಾಠಭೇದಗಳನ್ನು ಹೋಲಿಸಿ ಪ್ರಕ್ಷಿಪ್ತವನ್ನು ಗುರುತಿಸುವ ಕ್ರಮ ಪಂಡಿತರಿಗೆ ಚಿರಪರಿಚಿತವಾದುದು. ಅದೇ ಕ್ರಮವನ್ನು ಈಗ ಚಲಚ್ಚಿತ್ರದ ಪರದೆಗೂ ಉಡುಪಿನ ಅಂಗಡಿಗೂ ಇಳಿದಿರುವ ಒಂದು ಕಥೆಗೆ ಅನ್ವಯಿಸಿ ನೋಡಿದರೆ ದೊರೆಯುವ ಫಲವೇನು ಎಂಬುದೇ ಇಲ್ಲಿಯ ವಿಚಾರ. ಆ ಕಥೆ ಯೂರೋಪಿನ ಸಿಂಡರೆಲಾ.

ಸಿಂಡರೆಲಾ ಎಂದೊಡನೆ ಇಂದಿನವರ ಮನಸ್ಸಿಗೆ ಬರುವ ಲಕ್ಷಣಗಳು ನಾಲ್ಕು: ಗಾಜಿನ ಪಾದುಕೆ, ಕುಂಬಳಕಾಯಿಯಿಂದಾದ ರಥ, ನಡುರಾತ್ರಿಯ ಗಂಟೆ, ನೀಲಿಯ ನಿಲುವಂಗಿ. ಇವು ಅನಾದಿಯಿಂದ ಕಥೆಗೆ ಸೇರಿದವೆಂದೇ ಸಾಮಾನ್ಯರ ನಂಬಿಕೆ. ಆದರೆ ಮೊದಲಿನ ಮೂರು ೧೬೯೭ರಲ್ಲಿ ಪ್ಯಾರಿಸ್ ನಗರದಲ್ಲಿ ಪ್ರಕಟವಾದ ಷಾರ್ಲ್ ಪೆರೋ ಎಂಬಾತನ ಕಥಾಸಂಗ್ರಹದಿಂದ ಬಂದವು. ನಾಲ್ಕನೆಯದು ೧೯೫೦ಕ್ಕಿಂತ ಈಚಿನದು. ಹಾಗಾದರೆ ಕಥೆಯ ಪ್ರಾಣವು ಎಲ್ಲಿದೆ?

ಮೊದಲು ಹೆಸರುಗಳನ್ನೇ ಪರಿಶೀಲಿಸಬೇಕು. ಪೆರೋ ತನ್ನ ನಾಯಿಕೆಯನ್ನು ಸಾಂದ್ರಿಯೋಂ ಎಂದು ಕರೆದನು. ಅವಳು ಕೆಲಸ ಮುಗಿಸಿ ಒಲೆಯ ಮೂಲೆಯಲ್ಲಿ ಬೂದಿಯ ಮೇಲೆ ಕುಳಿತುಕೊಳ್ಳುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಅವನೇ ಹೇಳಿದ್ದಾನೆ. ಇಂಗ್ಲಿಷಿನ ಸಿಂಡರೆಲಾ ಅದರ ರೂಪಾಂತರ. ನೇಪಲ್ಸಿನ ಜ್ಯಾಂಬತ್ತೀಸ್ತ ಬಸೀಲೆಯ ಕಥೆಯಲ್ಲಿ ಅವಳು ಚೆನೆರೆಂತೊಲಾ. ಜರ್ಮನಿಯ ಗ್ರಿಮ್ ಸೋದರರ ಗ್ರಂಥದಲ್ಲಿ ಆಷೆನ್‌ಪುಟೆಲ್. ಚೆಕ್ ಭಾಷೆಯಲ್ಲಿ ಪೊಪೆಲ್ಕಾ. ಈ ಎಲ್ಲ ಹೆಸರುಗಳಲ್ಲಿಯೂ ಅಡಗಿರುವ ಅರ್ಥ ಬೂದಿಯೇ. ಪಾದುಕೆಯಿಂದ ನಾಯಿಕೆಗೆ ಹೆಸರನ್ನಿಟ್ಟವರು ಇವರಲ್ಲಿ ಒಬ್ಬರೂ ಇಲ್ಲ. ಜನರು ಹೆಸರಿನಲ್ಲಿ ಬೂದಿಯನ್ನು ಉಚ್ಚರಿಸುತ್ತಾರೆ. ಮನಸ್ಸಿನಲ್ಲಿ ಮಾತ್ರ ಗಾಜನ್ನು ಕಾಣುತ್ತಾರೆ. ಈ ವೈಷಮ್ಯಕ್ಕೆ ಕಾರಣವನ್ನು ಹುಡುಕಬೇಕಾಗಿದೆ.

ಪಾದುಕೆಯ ಪ್ರಾಚೀನತೆಯನ್ನು ಅಲ್ಲಗಳೆಯುವಂತಿಲ್ಲ. ಗ್ರೀಕ್ ಭೂಗೋಳಕಾರನಾದ ಸ್ಟ್ರೇಬೋ ತನ್ನ ಗ್ರಂಥದ ಹದಿನೇಳನೆಯ ಭಾಗದಲ್ಲಿ ರೋಡೋಪಿಸ್ ಎಂಬ ಸ್ತ್ರೀಯ ವೃತ್ತಾಂತವೊಂದನ್ನು ಹೇಳುತ್ತಾನೆ. ಅವಳು ಸ್ನಾನಮಾಡುತ್ತಿದ್ದಾಗ ಹದ್ದೊಂದು ಅವಳ ಪಾದರಕ್ಷೆಯನ್ನು ಕಚ್ಚಿಕೊಂಡು ಹೋಗಿ ಈಜಿಪ್ಟಿನ ಮೆಂಫಿಸ್ ನಗರದಲ್ಲಿ ನ್ಯಾಯವನ್ನು ವಿಚಾರಿಸುತ್ತಿದ್ದ ರಾಜನ ಮಡಿಲಿನಲ್ಲಿ ಹಾಕಿತು. ಅದರ ಅಂದಕ್ಕೆ ಬೆರಗಾದ ರಾಜನು ಅದರ ಒಡತಿಯನ್ನು ಹುಡುಕಿಸಿ ವಿವಾಹವಾದನು. ಚೀನಾದೇಶದಲ್ಲಿ ಒಂಬತ್ತನೆಯ ಶತಮಾನದ ದ್ವಾನ್ ಛಂಗ್‌ಷಿ ಎಂಬ ವಿದ್ವಾಂಸನು ಯೆ ಷಿಯನ್ ಎಂಬ ಕನ್ಯೆಯ ಕಥೆಯನ್ನು ಬರೆದಿಟ್ಟನು. ಅಲ್ಲಿ ಮಲತಾಯಿಯ ಪೀಡೆಯಿದೆ, ಬೇಡಿದುದನ್ನು ಕೊಡುವ ಮೀನಿನ ಮೂಳೆಗಳಿವೆ, ಚಿನ್ನದ ಪಾದರಕ್ಷೆಯಿದೆ. ಪೆರೋವಿಗಿಂತ ಎಂಟು ಶತಮಾನಗಳಷ್ಟು ಹಿಂದಿನ ಈ ಲೇಖವನ್ನು ನೋಡಿದರೆ, ಕಥೆಯು ಫ್ರಾನ್ಸಿನಲ್ಲಿ ಹುಟ್ಟಿತೆಂಬ ಮಾತು ನಿಲ್ಲಲಾರದು.

ಇನ್ನು ಯೂರೋಪಿನ ಮೂರು ಮುಖ್ಯ ಪಾಠಗಳು. ಬಸೀಲೆಯ ಕಥೆ ಅವನ ಮರಣಾನಂತರ ೧೬೩೪ರಿಂದ ೧೬೩೬ರವರೆಗೆ ಅಚ್ಚಾದ ಸಂಗ್ರಹದಲ್ಲಿದೆ. ಅಲ್ಲಿಯ ಜೆಜೊಲ್ಲಾ ಸಾಧುಸ್ವಭಾವದವಳಲ್ಲ. ಶಿಕ್ಷಕಿಯ ದುರ್ಬೋಧೆಯಿಂದ ಮೊದಲ ಮಲತಾಯಿಯನ್ನು ಪೆಟ್ಟಿಗೆಯ ಮುಚ್ಚಳದಿಂದ ಕೊಂದವಳು. ಆ ಶಿಕ್ಷಕಿಯೇ ಎರಡನೆಯ ಮಲತಾಯಿಯಾಗಿ ಬಂದು ಅವಳನ್ನು ಅಡುಗೆಮನೆಗೆ ತಳ್ಳುತ್ತಾಳೆ. ಪೆರೋ ಈ ಕ್ರೌರ್ಯವನ್ನು ತೊಡೆದು, ರಾಜಾಸ್ಥಾನಕ್ಕೆ ಒಪ್ಪುವಂತೆ ಕಥೆಯನ್ನು ಸಂಸ್ಕರಿಸಿದನು. ದೇವತೆಯಂತಹ ಧರ್ಮಮಾತೆ, ಇಲಿಗಳಿಂದಾದ ಕುದುರೆಗಳು, ಹಲ್ಲಿಗಳಿಂದಾದ ಸೇವಕರು, ಕೊನೆಯಲ್ಲಿ ಸೋದರಿಯರಿಗೆ ಕ್ಷಮಾದಾನ: ಇವು ಅವನ ಪಾಠದ ಲಕ್ಷಣಗಳು. ಅವನ ಪಾದುಕೆಯು ಗಾಜಿನದೇ ಎಂಬ ಬಗ್ಗೆ ಒಂದು ವಿವಾದವೂ ಉಂಟು. ಫ್ರೆಂಚಿನಲ್ಲಿ ಗಾಜಿಗೂ ಅಳಿಲಿನ ತುಪ್ಪುಳಿನ ಚರ್ಮಕ್ಕೂ ಇರುವ ಶಬ್ದಗಳು ಉಚ್ಚಾರಣೆಯಲ್ಲಿ ಸಮಾನವಾಗಿರುವುದರಿಂದ, ಕೇಳಿದವರು ಚರ್ಮವನ್ನು ಗಾಜೆಂದು ಬರೆದರೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಾದಂಬರಿಕಾರ ಬಾಲ್ಜಾಕ್ ಮೊದಲಾದವರು ಊಹಿಸಿದರು. ಆದರೆ ಪೆರೋವಿನ ಅಚ್ಚಿನ ಪುಸ್ತಕದಲ್ಲಿ ಗಾಜೆಂದೇ ಇದೆ. ಅದ್ಭುತಕಥೆಯಲ್ಲಿ ಕುಂಬಳಕಾಯಿ ರಥವಾಗಬಹುದಾದರೆ ಪಾದುಕೆ ಗಾಜಿನದಾಗುವುದಕ್ಕೆ ಅಡ್ಡಿಯೇನು? ಆದಕಾರಣ ಪಾಠವನ್ನು ತಿದ್ದಬೇಕಾದ ಆವಶ್ಯಕತೆಯಿಲ್ಲ.

೧೮೧೨ರಲ್ಲಿ ಮೊದಲು ಪ್ರಕಟವಾಗಿ ಅನಂತರ ಪದೇ ಪದೇ ಪರಿಷ್ಕೃತವಾದ ಗ್ರಿಮ್ ಸೋದರರ ಪಾಠದಲ್ಲಿ ಧರ್ಮಮಾತೆಯಿಲ್ಲ. ಸತ್ತ ತಾಯಿಯ ಸಮಾಧಿಯ ಮೇಲೆ ಬೆಳೆದ ಗಿಡವೂ ಹಕ್ಕಿಗಳೂ ಮಗಳಿಗೆ ಉಡುಪನ್ನು ಕೊಡುತ್ತವೆ. ಸೋದರಿಯರಲ್ಲಿ ಒಬ್ಬಳು ಕಾಲ್ಬೆರಳನ್ನೂ ಮತ್ತೊಬ್ಬಳು ಹಿಮ್ಮಡಿಯನ್ನೂ ಕತ್ತರಿಸಿಕೊಂಡು ಚಿನ್ನದ ಪಾದುಕೆಯನ್ನು ಮೆಟ್ಟುತ್ತಾರೆ. ರಾಜಕುಮಾರನು ಎರಡು ಬಾರಿಯೂ ಮೋಸಹೋಗಿ, ಪಾರಿವಾಳಗಳು ರಕ್ತವನ್ನು ತೋರಿಸಿದ ಮೇಲೆ ಹಿಂದಿರುಗುತ್ತಾನೆ. ಇಲ್ಲಿ ಸೂಕ್ಷ್ಮವಾದ ಒಂದಂಶವನ್ನು ಗಮನಿಸಬೇಕು. ನಿಜವಾದ ನಾಯಿಕೆ ಪಾದುಕೆಯ ಬಳಿಗೆ ಬರುವ ಮೊದಲು ಕೈಗಳನ್ನೂ ಮುಖವನ್ನೂ ತೊಳೆದುಕೊಳ್ಳುತ್ತಾಳೆ. ಪಾದುಕೆಯನ್ನು ಮೆಟ್ಟಿ ನಿಂತಾಗ ರಾಜಕುಮಾರನು ಅವಳ ಮುಖವನ್ನು ನೋಡಿ ಗುರುತಿಸುತ್ತಾನೆ. ಎರಡು ಬಾರಿ ವಂಚಿಸಿದ ಪಾದುಕೆಯಿಂದ ಆಗದ ನಿಶ್ಚಯವು ಬೂದಿಯನ್ನು ತೊಳೆದ ಮುಖದಿಂದ ಆಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಪಾದುಕೆಯು ಅಭಿಜ್ಞಾನ, ಎಂದರೆ ಗುರುತಿನ ವಸ್ತು. ಕಾಳಿದಾಸನ ನಾಟಕದಲ್ಲಿ ಉಂಗುರವೂ ಅಂಥದೇ. ಆದರೆ ಉಂಗುರವೇ ಶಕುಂತಲೆಯಲ್ಲ. ಬೂದಿಯಾದರೋ ಆವರಣ. ಇರುವುದನ್ನು ಅದು ಮರೆಸುತ್ತದೆ. ಅದು ಕಳಚಿದಾಗ ಇದ್ದುದೇ ಕಾಣುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ಈ ಎರಡರಲ್ಲಿ ಪ್ರಧಾನವಾವುದು ಎಂಬುದನ್ನು ಅನ್ವಯ ವ್ಯತಿರೇಕಗಳಿಂದ ನಿರ್ಣಯಿಸಬಹುದು. ಆವರಣವಿಲ್ಲದೆ ಪಾದುಕೆ ಮಾತ್ರ ಇರುವಲ್ಲಿ, ಎಂದರೆ ರೋಡೋಪಿಸಳ ವೃತ್ತಾಂತದಲ್ಲಿ, ಉಳಿಯುವುದು ರಾಜನ ಕುತೂಹಲವೊಂದೇ. ದುಃಖವೂ ಇಲ್ಲ, ದುಃಖದಿಂದ ಬಿಡುಗಡೆಯೂ ಇಲ್ಲ. ಪಾದುಕೆಯಿಲ್ಲದೆ ಆವರಣ ಮಾತ್ರ ಇರುವ ಕಥೆ ನಿಲ್ಲುತ್ತದೆಯೇ ಎಂಬುದು ಉಳಿದ ಪ್ರಶ್ನೆ.

ಇದಕ್ಕೆ ಉದಾಹರಣೆ ಕರ್ಣಾಟಕದಲ್ಲಿಯೇ ದೊರೆಯುತ್ತದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಹಂಚಿಯ ಕಥೆಯು, ಅಲನ್ ಡಂಡೆಸ್ ಅವರು ಸಿಂಡರೆಲಾ ಕಥೆಯನ್ನು ಕುರಿತು ೧೯೮೨ರಲ್ಲಿ ಸಂಪಾದಿಸಿದ ಲೇಖನಸಂಗ್ರಹದಲ್ಲಿ ಸೇರಿದೆ. ಹೊನ್ನಿನ ಕೂದಲಿನ ತಂಗಿಯನ್ನು ಅಣ್ಣನೇ ಬಯಸಲು, ತಾಯಿ ಮಗಳ ಮುಖಕ್ಕೆ ಮಣ್ಣಿನ ಮರೆಯೊಂದನ್ನು ಮಾಡಿಸಿ ಹಾಕಿ ಊರು ಬಿಡಿಸಿ ಕಳುಹಿಸುತ್ತಾಳೆ. ಆ ಹಂಚಿನ ಮರೆಯಿಂದಲೇ ಅವಳಿಗೆ ಹಂಚಿ ಎಂಬ ಹೆಸರು. ಸಾಹುಕಾರನ ಮನೆಯಲ್ಲಿ ಅಡುಗೆಯ ಕೆಲಸಕ್ಕೆ ನಿಂತ ಅವಳು ಮರೆಯನ್ನು ತೆಗೆದು ಸ್ನಾನಮಾಡುವಾಗ ಮನೆಯ ಕಿರಿಯ ಮಗನ ಕಣ್ಣಿಗೆ ಬೀಳುತ್ತಾಳೆ, ವಿವಾಹವು ನಡೆಯುತ್ತದೆ. ಈ ಕಥೆಯಲ್ಲಿ ಪಾದುಕೆಯೇ ಇಲ್ಲ. ಆದರೂ ಕಥೆಗೆ ಯಾವ ಊನವೂ ಇಲ್ಲ. ಇದು ಪೆರೋ ೧೬೯೪ರಲ್ಲಿ ಪದ್ಯರೂಪವಾಗಿ ಪ್ರಕಟಿಸಿದ ಕತ್ತೆಯ ಚರ್ಮದ ಕಥೆಗೆ ಹೆಚ್ಚು ಸಮೀಪವಾದುದು. ಅಲ್ಲಿ ತಂದೆಯ ಅನುಚಿತವಾದ ಬಯಕೆಗೆ ಹೆದರಿದ ರಾಜಪುತ್ರಿ ಕತ್ತೆಯ ಚರ್ಮವನ್ನು ಹೊದ್ದು ಓಡಿಹೋಗುತ್ತಾಳೆ. ಬೂದಿ, ಚರ್ಮ, ಹಂಚು: ವಸ್ತು ಬೇರೆ, ಕಾರ್ಯ ಒಂದೇ. ಆವರಣವೇ ಪ್ರಧಾನ, ಪಾದುಕೆ ಗೌಣ ಎಂಬುದು ಇದರಿಂದ ಸಿದ್ಧಿಸುತ್ತದೆ.

ಗೌಣವಾದುದು ಪ್ರಧಾನಸ್ಥಾನವನ್ನು ಆಕ್ರಮಿಸಿದ ಬಗೆ ಹೇಗೆ? ಇದರಲ್ಲಿ ಚಲಚ್ಚಿತ್ರದ ಪಾತ್ರ ದೊಡ್ಡದು. ಫ್ರಾನ್ಸಿನ ಜಾರ್ಜ್ ಮೆಲ್ಯೆ ೧೮೯೯ರಲ್ಲಿಯೇ ಈ ಕಥೆಯನ್ನು ಕೆಲವೇ ನಿಮಿಷಗಳ ಚಿತ್ರವಾಗಿ ಮಾಡಿದನು. ಇಂದ್ರಜಾಲದಲ್ಲಿ ನಿಪುಣನಾದ ಅವನಿಗೆ ಕುಂಬಳಕಾಯಿ ಕ್ಷಣದಲ್ಲಿ ರಥವಾಗುವ ಪೆರೋವಿನ ಪಾಠವೇ ಅನುಕೂಲವಾಯಿತು. ಜರ್ಮನಿಯ ಲೊಟ್ಟೆ ರೈನಿಗರ್ ೧೯೨೨ರಲ್ಲಿ ಕಾಗದವನ್ನು ಕತ್ತರಿಸಿ ಮಾಡಿದ ನೆರಳುಗೊಂಬೆಗಳಿಂದ ಇದೇ ಕಥೆಯನ್ನು ಚಲಿಸುವ ಚಿತ್ರವಾಗಿಸಿದಳು. ಅದೇ ವರ್ಷ ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ತರುಣನಾದ ವಾಲ್ಟ್ ಡಿಸ್ನಿಯೂ ಒಂದು ಚಿಕ್ಕ ಚಿತ್ರವನ್ನು ಮಾಡಿದ್ದನು. ಆದರೆ ಕಥೆಯ ಪಾಠವನ್ನು ಲೋಕದ ಮನಸ್ಸಿನಲ್ಲಿ ಸ್ಥಿರಗೊಳಿಸಿದುದು ಡಿಸ್ನಿಯ ಸಂಸ್ಥೆಯಿಂದ ೧೯೫೦ರಲ್ಲಿ ಹೊರಬಂದ ಸಿಂಡರೆಲಾ. ಅದು ಪೆರೋವಿನ ಪಾಠವನ್ನೇ ಅನುಸರಿಸಿತು. ಮಲತಾಯಿ ರಾಜದೂತನ ಕೈಯ ಪಾದುಕೆಯನ್ನು ಒಡೆಯುವಂತೆ ಮಾಡಿದಾಗ ನಾಯಿಕೆ ಜೊತೆಯ ಪಾದುಕೆಯನ್ನು ತೆಗೆದು ತೋರಿಸುತ್ತಾಳೆಂದು ಕಲ್ಪಿಸಿ, ಗಾಜಿನ ಮಹಿಮೆಯನ್ನು ಇನ್ನೂ ಹೆಚ್ಚಿಸಿತು. ದುಡಿಯುವಾಗಲೂ ಅವಳ ಮುಖ ನಿರ್ಮಲವಾಗಿಯೇ ಇರುತ್ತದೆ. ಆವರಣವೇ ತೆಳುವಾದ ಮೇಲೆ, ಗುರುತಿಸುವ ಭಾರವೆಲ್ಲ ಪಾದುಕೆಯ ಮೇಲೆ ಬೀಳುವುದು ಸಹಜ.

ಅಲ್ಲಿಂದ ಮುಂದೆ ಸರಕಿನ ವ್ಯಾಪಾರವೇ ಪಾಠವನ್ನು ತಿದ್ದತೊಡಗಿತು. ೧೯೫೦ರ ಚಿತ್ರದಲ್ಲಿ ನೃತ್ಯೋತ್ಸವದ ನಿಲುವಂಗಿ ಬೆಳ್ಳಿಯ ಛಾಯೆಯ ಬಿಳಿಯದು. ಡಿಸ್ನಿ ಸಂಸ್ಥೆಯು ೨೦೦೦ದ ಸುಮಾರಿಗೆ ತನ್ನ ರಾಜಪುತ್ರಿಯರನ್ನೆಲ್ಲ ಒಂದೇ ಮುದ್ರೆಯ ಕೆಳಗೆ ತಂದು ಗೊಂಬೆ, ಉಡುಪು ಮೊದಲಾದವನ್ನು ಮಾರತೊಡಗಿದ ಮೇಲೆ ನೀಲಿಯೇ ಅವಳ ಬಣ್ಣವಾಗಿ ರೂಢವಾಯಿತು. ಕೆನೆತ್ ಬ್ರಾನಾ ನಿರ್ದೇಶಿಸಿದ ೨೦೧೫ರ ಚಿತ್ರದಲ್ಲಿ ಸ್ಯಾಂಡಿ ಪೊವೆಲ್ ರಚಿಸಿದ ನಿಲುವಂಗಿಯೂ ನೀಲಿಯದೇ. ಹೀಗೆ ಟೀಕೆಯು ಮೂಲವನ್ನು ತಿದ್ದಿದಂತಾಯಿತು. ಆ ಚಿತ್ರಕ್ಕಾಗಿ ಸ್ವರೋವ್‌ಸ್ಕಿ ಸಂಸ್ಥೆ ನಿರ್ಮಿಸಿದ ಸ್ಫಟಿಕದ ಪಾದುಕೆಯನ್ನು ಯಾರೂ ಮೆಟ್ಟಿ ನಡೆಯುವಂತಿರಲಿಲ್ಲ; ನಟಿಯು ಚರ್ಮದ ಪಾದರಕ್ಷೆಯನ್ನು ತೊಟ್ಟು ನಟಿಸಲು, ಅದನ್ನು ಗಣಕಯಂತ್ರದ ನೆರವಿನಿಂದ ಸ್ಫಟಿಕವಾಗಿಸಿದರು. ೨೦೧೯ರಲ್ಲಿ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ವಾರ್ಷಿಕ ಉಡುಪಿನ ಉತ್ಸವಕ್ಕೆ ನಟಿ ಜೆಂಡಾಯಾ ತಾನಾಗಿ ಬೆಳಗುವ ನಿಲುವಂಗಿಯಲ್ಲಿ ಬಂದು, ಮೆಟ್ಟಿಲಿನ ಮೇಲೆ ಒಂದು ಪಾದುಕೆಯನ್ನು ಬಿಟ್ಟುಹೋದಳು. ನೋಡಿದವರೆಲ್ಲರಿಗೂ ಅರ್ಥವಾಯಿತು, ಕಥೆಯನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಅಭಿಜ್ಞಾನವು ಈಗ ನಾಯಿಕೆಯನ್ನಲ್ಲ, ಕಥೆಯನ್ನೇ ಗುರುತಿಸುವ ಚಿಹ್ನೆಯಾಗಿದೆ.

ಚಲಚ್ಚಿತ್ರದ ಸ್ವಭಾವವೇ ಇಂಥದು, ಕಣ್ಣಿಗೆ ಹೊಳೆಯುವುದನ್ನೇ ಅದು ಹಿಡಿಯಬೇಕಾಗುತ್ತದೆ, ಅದು ಅದರ ದೋಷವಲ್ಲ ಎಂದು ಕೆಲವರು ಹೇಳಬಹುದು. ಈ ಪೂರ್ವಪಕ್ಷ ನಿಲ್ಲುವುದಿಲ್ಲ. ಜಾಕ್ ಡೆಮಿ ೧೯೭೦ರಲ್ಲಿ ಕತ್ತೆಯ ಚರ್ಮದ ಕಥೆಯನ್ನು ಚಿತ್ರವಾಗಿಸಿದಾಗ ಆ ಚರ್ಮವನ್ನು ನಾಯಿಕೆಯ ತಲೆಯ ಮೇಲೆಯೇ ಹೊದಿಸಿ ತೋರಿಸಿದನು. ಚೆಕೊಸ್ಲೊವಾಕಿಯ ಮತ್ತು ಪೂರ್ವ ಜರ್ಮನಿಗಳು ಕೂಡಿ ೧೯೭೩ರಲ್ಲಿ ತಯಾರಿಸಿದ, ವಾಸ್ಲಾವ್ ವೊರ್ಲೀಚೆಕ್ ನಿರ್ದೇಶನದ ಚಿತ್ರವು ಇನ್ನೂ ಗಮನಾರ್ಹವಾದುದು. ಬೊಜೆನಾ ನೇಮ್ತ್ಸೊವಾ ಬರೆದ ಕಥೆಯನ್ನು ಆಧರಿಸಿದ ಅದರಲ್ಲಿ ಪೊಪೆಲ್ಕಾ ಕುದುರೆಯನ್ನೇರುವವಳು, ಬೇಟೆಯನ್ನು ಬಲ್ಲವಳು. ಬೂದಿ ಮೆತ್ತಿದ ಕೆನ್ನೆಯವಳಾಗಿಯೂ ಬೇಟೆಗಾರನ ವೇಷದಲ್ಲಿಯೂ ರಾಜಪುತ್ರಿಯ ಉಡುಪಿನಲ್ಲಿಯೂ ರಾಜಕುಮಾರನು ಕಂಡವಳು ಒಬ್ಬಳೇ ಎಂಬುದನ್ನು ಅವನು ಬಿಡಿಸಬೇಕಾದ ಒಗಟಾಗಿ ಅವಳೇ ಮುಂದಿಡುತ್ತಾಳೆ. ಪಾದುಕೆ ಅಲ್ಲಿಯೂ ಇದೆ. ಆದರೆ ಬೂದಿಯನ್ನು ಅರಿಯದವನಿಗೆ ಅದರಿಂದ ಫಲವಿಲ್ಲ. ಮಧ್ಯ ಯೂರೋಪಿನಲ್ಲಿಯೂ ನಾರ್ವೆ ದೇಶದಲ್ಲಿಯೂ ಕ್ರಿಸ್ಮಸ್ ಹಬ್ಬದ ಕಾಲದಲ್ಲಿ ಜನರು ವರ್ಷವರ್ಷವೂ ಈ ಚಿತ್ರವನ್ನು ನೋಡುತ್ತಾರೆ. ೨೦೧೫ರ ಚಿತ್ರವೂ ಮುಖಕ್ಕೆ ಬೂದಿ ತಾಗಿದುದರಿಂದ ಎಲ್ಲಾ ಎಂಬವಳು ಸಿಂಡರೆಲಾ ಆದಳೆಂದು ಹೆಸರಿನ ನಿರ್ವಚನವನ್ನು ತೋರಿಸಿದೆ. ಆದಕಾರಣ ಕೊರತೆಯಿರುವುದು ಚಲಚ್ಚಿತ್ರವೆಂಬ ಕಲೆಯಲ್ಲಿ ಅಲ್ಲ. ಒಂದೇ ಪಾಠದ ಅತಿಪ್ರಚಾರದಲ್ಲಿ.

ಇದರ ಪರಿಣಾಮವು ಕಥಾಶೋಧನೆಯನ್ನೂ ಮುಟ್ಟುತ್ತದೆ. ೧೮೯೩ರಲ್ಲಿ ಮೇರಿಯನ್ ರೋಲ್ಫ್ ಕಾಕ್ಸ್ ಎಂಬ ವಿದುಷಿ ಲಂಡನ್ನಿನ ಜಾನಪದ ಸಂಘದ ಮೂಲಕ ಈ ವರ್ಗದ ೩೪೫ ಪಾಠಗಳನ್ನು ಸಂಕಲಿಸಿ ಪ್ರಕಟಿಸಿದಳು. ಆ ವರ್ಗಕ್ಕೆಲ್ಲ ಸಿಂಡರೆಲಾ ಎಂಬ ಒಂದೇ ಹೆಸರು ನಿಂತಿತು. ವಿದ್ವಾಂಸರಿಗೆ ಅದು ಕೇವಲ ವರ್ಗಸಂಜ್ಞೆ. ಆದರೆ ಚಿತ್ರವನ್ನು ಮಾತ್ರ ಬಲ್ಲ ಸಾಮಾನ್ಯ ಓದುಗರಿಗೆ ಅದೇ ಮೂಲ, ಉಳಿದವೆಲ್ಲ ಅದರ ಛಾಯೆಗಳು. ಹಂಚಿಯ ಕಥೆಯು ಇಂಗ್ಲಿಷಿನಲ್ಲಿ ಪ್ರಕಟವಾದಾಗ ಕನ್ನಡದ ಸಿಂಡರೆಲಾ ಎಂಬ ವಿಶೇಷಣವನ್ನು ಹೊತ್ತೇ ಹೊರಟಿತು. ಪರಭಾಷೆಯ ಓದುಗರಿಗೆ ದಾರಿ ತೋರಿಸಲು ಅದು ಉಚಿತವೇ ಆಗಿತ್ತು. ಆದರೆ ಕನ್ನಡಿಗರು ತಮ್ಮೊಳಗೆಯೂ ಅದೇ ಹೆಸರಿನಿಂದ ಅದನ್ನು ಅಳೆಯತೊಡಗಿದರೆ, ಪಾದುಕೆಯೆಲ್ಲಿ ಎಂದು ಮಕ್ಕಳು ಕೇಳುವರು. ಹೇಳುವವರು ಅದಕ್ಕೊಂದು ಪಾದುಕೆಯನ್ನು ತೊಡಿಸುವರು. ಎರಡು ತಲೆಮಾರು ಕಳೆಯುವುದರೊಳಗೆ ಹಂಚಿನ ಮರೆ ಮರೆತುಹೋಗುವುದು. ಓಲೆಯ ಪ್ರತಿಯಲ್ಲಿ ಪ್ರಕ್ಷಿಪ್ತವು ಸೇರಿದರೆ ಬೇರೆ ಪ್ರತಿಗಳಿಂದ ಹಿಡಿಯಬಹುದು. ಬಾಯಿಯ ಪಾಠ ಕೆಟ್ಟರೆ ತಿದ್ದಲು ಬೇರೆ ಪ್ರತಿಯೇ ಇರುವುದಿಲ್ಲ.

ಆದುದರಿಂದ ಇಂಥ ಕಥೆಗಳನ್ನು ಸಂಗ್ರಹಿಸುವವರು ಹೇಳಿದವರ ಮಾತಿನಲ್ಲಿರುವಂತೆಯೇ, ಹೇಳಿದ ಹೆಸರಿನಿಂದಲೇ, ಯಾವುದನ್ನೂ ಪರದೆಯ ಪಾಠಕ್ಕೆ ಸರಿಹೊಂದಿಸದೆ ಬರೆದಿಡುವುದು ಯುಕ್ತ. ಹಂಚಿಯನ್ನು ಹಂಚಿಯೆಂದೇ ಕರೆಯಬೇಕು. ಅವಳನ್ನು ಗುರುತಿಸಲು ಗಾಜಿನ ಪಾದುಕೆ ಬೇಕಿಲ್ಲ; ಮುಖದ ಮಣ್ಣನ್ನು ಸರಿಸಿ ನೋಡಿದರೆ ಸಾಕು.