ಆರು ನಿಮಿಷಗಳ ನಡಿಗೆ ಪರೀಕ್ಷೆ

ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರ ದೈಹಿಕ ತಾಳಿಕೆಯನ್ನು ಅಳೆಯುವ ಸರಳ ವಿಧಾನ. ಅಮೆರಿಕದ ವೈದ್ಯ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷಗಳ ಓಟದ ಪರೀಕ್ಷೆ ಇದರ ಮೂಲ; ಆರು ನಿಮಿಷ ಸಾಕೆಂಬುದನ್ನು ಬಟ್ಲ್ಯಾಂಡ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು.

ರೋಗಿಯು 30 ಮೀಟರ್ ಉದ್ದದ ಸಮತಟ್ಟಾದ ಹಾದಿಯಲ್ಲಿ ಸಾಧ್ಯವಾದಷ್ಟು ದೂರ ಹೋಗಿಬರಬೇಕು. ದಣಿದರೆ ನಿಲ್ಲಬಹುದು, ಸಮಯದ ಎಣಿಕೆ ನಿಲ್ಲದು. ನಡೆದ ದೂರದೊಂದಿಗೆ ನಾಡಿಬಡಿತ, ರಕ್ತದ ಆಮ್ಲಜನಕದ ಮಟ್ಟ, ರೋಗಿಯೇ ಅಂಕ ಕೊಡುವ ಬೋರ್ಗ್ ಮಾಪಕದಂತೆ ಏದುಸಿರಿನ ತೀವ್ರತೆಯನ್ನು ದಾಖಲಿಸುತ್ತಾರೆ. ದೀರ್ಘಕಾಲದ ಶ್ವಾಸಕೋಶ ರೋಗದಲ್ಲಿ ನಡೆದ ದೂರದಲ್ಲಿ ಸುಮಾರು 30 ಮೀಟರ್ ವ್ಯತ್ಯಾಸವೂ ಮಹತ್ವದ್ದು. ಅಸ್ಥಿರ ಎದೆನೋವಿದ್ದವರಿಗೆ ಈ ಪರೀಕ್ಷೆ ಸಲ್ಲದು.

ಟ್ರೆಡ್‌ಮಿಲ್ ಬೇಕಿಲ್ಲದ ಕಾರಣ ತಾಲ್ಲೂಕು ಆಸ್ಪತ್ರೆಯ ಉದ್ದನೆಯ ಪಡಸಾಲೆಯೂ ಸಾಕು. ಆದರೆ ಇದು ತಿಳಿಸುವುದು ದಿನನಿತ್ಯದ ಓಡಾಟದ ಶಕ್ತಿಯನ್ನು ಮಾತ್ರ. ಉದಾಹರಣೆಗೆ, ಇಂಥ ಕಾಯಿಲೆಯ ಬಳಿಕ ಭಟ್ಕಳದ ಮಾವಿನಕುರ್ವೆ ಬಂದರಿನ ಮೀನುಗಾರರು ಮರಳಿ ಬಲೆ ಎಳೆಯಬಹುದೇ ಎಂಬುದನ್ನು ಇದೊಂದರಿಂದಲೇ ನಿರ್ಧರಿಸಲಾಗದು.