ಪೇಟಿ ಮಾಸ್ತರರ ಎಡಗೈ

ತಂತಿಗಳೂ ಸುತ್ತಿಗೆಗಳೂ ಇರುವ ಮರದ ಪಿಯಾನೊದ ಮೇಲೆ ಜಾಝ್ ನುಡಿಸುವುದಕ್ಕೂ ವಿದ್ಯುತ್ತಿನಿಂದ ನಡೆಯುವ ಡಿಜಿಟಲ್ ಪಿಯಾನೊದ ಮೇಲೆ ಅದನ್ನೇ ನುಡಿಸುವುದಕ್ಕೂ ಇರುವ ಅಂತರ ಪಾಶ್ಚಾತ್ಯ ಸಂಗೀತಗಾರರ ನಡುವೆ ದಶಕಗಳಿಂದ ಚರ್ಚೆಯಾಗುತ್ತ ಬಂದಿದೆ. ಉತ್ತರ ಕರ್ನಾಟಕದಲ್ಲಿ ಪಿಯಾನೊ ನೆಲೆಯೂರಲಿಲ್ಲ. ಆದರೆ ಅದರಂತೆಯೇ ಬಿಳಿ ಮತ್ತು ಕರಿ ಕೀಗಳ ಸಾಲನ್ನು ಹೊಂದಿದ ಹಾರ್ಮೋನಿಯಂ, ಅಂದರೆ ಇಲ್ಲಿನ ಜನರ ಪೇಟಿ, ಗದಗ ಸೀಮೆಯ ನಾಟಕ ಕಂಪನಿ, ಮಠ, ಸಂಗೀತಶಾಲೆ ಮತ್ತು ಭಜನೆಯ ಗುಡಿಗಳಲ್ಲಿ ತಲೆಮಾರುಗಳ ಕಾಲ ಬಾಳಿ, ಈಗ ಎಲೆಕ್ಟ್ರಾನಿಕ್ ಕೀಬೋರ್ಡಿನೊಡನೆ ತನ್ನ ಜಾಗವನ್ನು ಹಂಚಿಕೊಳ್ಳುತ್ತಿದೆ. ಈ ಬದಲಾವಣೆಯನ್ನು ನಾದದ ಇಂಪಿನಿಂದ ಮಾತ್ರ ಅಳೆಯುವುದು ರೂಢಿಯಾಗಿದ್ದರೂ, ವಾದಕನ ಎಡಗೈ ಆಗ ಯಾವ ಕೆಲಸ ಮಾಡುತ್ತಿತ್ತು, ಈಗ ಯಾವ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಯಿಂದ ಹೊರಟರೆ ಈ ಚರಿತ್ರೆಯ ಒಳಗು ಇನ್ನಷ್ಟು ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ.

ಪಿಯಾನೊದಲ್ಲಿ ಕೀಯನ್ನು ಒತ್ತಿದಾಗ ಉಣ್ಣೆಯ ಹೊದಿಕೆಯ ಸುತ್ತಿಗೆಯೊಂದು ಚಿಮ್ಮಿ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಬೆರಳಿನ ವೇಗ ಹೆಚ್ಚಿದಷ್ಟೂ ಸ್ವರ ಗಟ್ಟಿಯಾಗುವುದರಿಂದ ಹತ್ತು ಬೆರಳುಗಳು ಏಕಕಾಲಕ್ಕೆ ಹತ್ತು ಬಗೆಯ ತೂಕದ ಸ್ವರಗಳನ್ನು ಹೊರಡಿಸಬಲ್ಲವು. ಜಾಝ್‌ನ ಆರಂಭಿಕ ಪಿಯಾನೊ ಶೈಲಿಗಳಲ್ಲೊಂದಾದ ಸ್ಟ್ರೈಡ್ ನಿಂತದ್ದು ಇದೇ ಗುಣದ ಮೇಲೆ: ಅಲ್ಲಿ ಎಡಗೈ ಒಂದು ಮಾತ್ರೆಗೆ ಮಂದ್ರದ ಸ್ವರವನ್ನೂ ಮರುಮಾತ್ರೆಗೆ ನಡುಸ್ಥಾಯಿಯ ಸ್ವರಗುಚ್ಛವನ್ನೂ ಬಾರಿಸುತ್ತ ತಾಳವನ್ನು ಹೊತ್ತು ನಡೆಯುತ್ತದೆ, ಬಲಗೈ ಅದರ ಮೇಲೆ ಸ್ವಚ್ಛಂದವಾಗಿ ಕಲ್ಪನೆಯನ್ನು ಹರಿಸುತ್ತದೆ. ಷಿಕಾಗೊದಲ್ಲಿ ಹೆಸರು ಮಾಡಿ 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಟೆಡಿ ವೆದರ್‌ಫರ್ಡ್ ಅಂತಹ ಬಲಿಷ್ಠ ಎಡಗೈಯನ್ನು ಭಾರತಕ್ಕೆ ತಂದವರಲ್ಲಿ ಪ್ರಮುಖರು. ಡಿಜಿಟಲ್ ಪಿಯಾನೊದಲ್ಲಿ ತಂತಿಯಿಲ್ಲ. ಕೀ ಕೆಳಗಿಳಿಯುವಾಗ ಎರಡು ಬಿಂದುಗಳ ನಡುವೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಸೆನ್ಸರ್‌ಗಳು ಅಳೆದು, ಆ ವೇಗವನ್ನು ಒಂದು ಅಂಕಿಯಾಗಿಸಿ, ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಆ ಅಂಕಿಗೆ ತಕ್ಕಂತೆ ಹೊರಬಿಡುತ್ತವೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಸಂಕೇತ ಕಳಿಸಲು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ವ್ಯವಸ್ಥೆಯಲ್ಲಿ ಈ ಅಂಕಿ 127ಕ್ಕೆ ಮುಗಿಯುತ್ತದೆ. ಬೆರಳಿನ ಒತ್ತಡಕ್ಕೆ ಇಷ್ಟು ಮೆಟ್ಟಿಲುಗಳು ಸಾಕೆ ಎಂಬುದು ಒಂದು ವಾದ. ಒಂದು ತಂತಿ ಮಿಡಿದಾಗ ಉಳಿದ ತಂತಿಗಳೂ ಮರದ ಹಲಗೆಯೂ ತಾವಾಗಿ ಅನುರಣಿಸುವ ಗುಣವನ್ನು ಲೆಕ್ಕಾಚಾರದಿಂದ ಹುಟ್ಟಿಸಬಹುದೆ ಎಂಬುದು ಇನ್ನೊಂದು.

ಪೇಟಿಯ ಅಂತರಂಗವೇ ಬೇರೆ. ಹಿತ್ತಾಳೆಯ ಪುಟ್ಟ ಚೌಕಟ್ಟಿಗೆ ಒಂದು ತುದಿಯನ್ನು ಮಾತ್ರ ಬಿಗಿದ ತೆಳ್ಳನೆಯ ಹಿತ್ತಾಳೆಯ ನಾಲಗೆಗೆ ರೀಡು ಎನ್ನುತ್ತಾರೆ; ತಿದಿಯಿಂದ ಬಂದ ಗಾಳಿ ಈ ನಾಲಗೆಯನ್ನು ಅಲುಗಿಸಿ ಸ್ವರ ಹೊರಡಿಸುತ್ತದೆ. ಕೀಯ ಕೆಲಸ ಗಾಳಿಗೆ ಬಾಗಿಲು ತೆರೆಯುವುದಷ್ಟೇ ಆದ್ದರಿಂದ ಅದನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸ್ವರದ ಗಾತ್ರ ಹೆಚ್ಚುಕಡಿಮೆಯಾಗುವುದಿಲ್ಲ, ಅದನ್ನು ನಿರ್ಧರಿಸುವುದು ತಿದಿಯನ್ನು ಆಡಿಸುವ ಕೈ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವನ್ನು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯೊತ್ತಿ, ಎರಡೂ ಕೈಗಳಿಂದ ನುಡಿಸಬೇಕಾಗಿತ್ತು. ಅದನ್ನು ನೆಲದ ಮೇಲೆ ಕೂತು ಹಾಡುವವರಿಗೆ ಒಗ್ಗುವಂತೆ ಚಿಕ್ಕದಾಗಿಸಿ, ತಿದಿಯನ್ನು ಹಿಂಬದಿಗೆ ತಂದು ಕೈಪೇಟಿಯಾಗಿಸಿದವರಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯಲ್ಲಿ ಕೆಲಸ ಮಾಡಿದ ದ್ವಾರಕಾನಾಥ ಘೋಷರ ಹೆಸರು ಮೊದಲು ಬರುತ್ತದೆ. ಈ ಮಾರ್ಪಾಟಿನಿಂದ ಎಡಗೈಗೆ ಸ್ವರಗಳು ತಪ್ಪಿ, ಉಸಿರಿನ ಹೊಣೆ ಬಂತು.

ಗದಗಕ್ಕೆ ಪೇಟಿ ಬಂದ ಬಗೆಯನ್ನು ನಾಟಕದ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು. ಮರಾಠಿ ಮಂಡಳಿಗಳ ಆಟಗಳಿಗೆ ಕನ್ನಡದ ಜನ ಮುಗಿಬೀಳುತ್ತಿದ್ದ ಕಾಲದಲ್ಲಿ, ಶಾಂತಕವಿ ಎಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (1856–1920) ಗದಗದ ಹಳೆಯ ಹೆಸರಾದ ಕೃತಪುರವನ್ನೂ ಊರಿನ ವೀರನಾರಾಯಣ ದೇವರನ್ನೂ ಹೆಸರಿನಲ್ಲೇ ಇಟ್ಟುಕೊಂಡ ಕನ್ನಡ ನಾಟಕ ಮಂಡಳಿಯನ್ನು 1870ರ ದಶಕದಲ್ಲಿ ಕಟ್ಟಿದರು. 1880ರಲ್ಲಿ ಪುಣೆಯಲ್ಲಿ ಸಂಗೀತ ನಾಟಕದ ಹೊಸ ಪರಂಪರೆಗೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಸಹ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಮುಂದೆ ಶಿರಹಟ್ಟಿಯ ವೆಂಕೋಬರಾಯರ ಮಂಡಳಿಯೂ ಗದಗದ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಈ ಸೀಮೆಯ ಹೆಸರನ್ನು ದೂರದೂರಕ್ಕೆ ಒಯ್ದವು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಪರದೆ, ಪೆಟ್ಟಿಗೆ, ವಾದ್ಯಗಳನ್ನು ಹೇರಿಕೊಂಡು ಊರಿಂದೂರಿಗೆ ಕ್ಯಾಂಪು ಹಾಕುವುದು ಕಂಪನಿಗಳಿಗೆ ಸುಲಭವಾಯಿತು.

ಈ ಕಂಪನಿಗಳಲ್ಲಿ ಮೆರೆದದ್ದು ಕಾಲಿನಿಂದ ತಿದಿಯೊತ್ತುವ ಪೇಟಿ, ಜನರ ಬಾಯಲ್ಲಿ ಲೆಗ್ ಹಾರ್ಮೋನಿಯಂ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟರ ಏರುಕಂಠಕ್ಕೆ ಸರಿಸಮವಾಗಿ ನಿಂತು ಕಡೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟಬಲ್ಲ ಬಲ ಅದಕ್ಕಿತ್ತು. ಅದಕ್ಕಿಂತ ಮುಖ್ಯವಾಗಿ, ಅದು ವಾದಕನ ಎಡಗೈಯನ್ನು ಬಿಡುಗಡೆ ಮಾಡಿತ್ತು. ರಂಗದ ಮುಂದೆ ಕುಳಿತ ಪೇಟಿ ಮಾಸ್ತರ ನಟನಿಗೆ ಶ್ರುತಿ ಕೊಡುತ್ತಿದ್ದ, ರಂಗಗೀತೆಯ ಚರಣಗಳ ನಡುವಿನ ಬಿಡುವನ್ನು ತುಂಬುತ್ತಿದ್ದ, ನಟ ಪ್ರೇಕ್ಷಕರ ಒತ್ತಾಯಕ್ಕೆ ಮಣಿದು ಆಲಾಪವನ್ನು ಬೆಳೆಸಿದರೆ ಅದನ್ನು ನೆರಳಿನಂತೆ ಹಿಂಬಾಲಿಸುತ್ತಿದ್ದ, ಮತ್ತು ಇವೆಲ್ಲ ನಡೆದಿರುವಾಗಲೇ ಎಡಗೈಯಿಂದ ಕೆಳಸ್ಥಾಯಿಯ ಷಡ್ಜ ಪಂಚಮಗಳನ್ನು ಹಿಡಿದಿಡುತ್ತಿದ್ದ. ಮೊದಲು ಗೊತ್ತುಮಾಡಿಕೊಳ್ಳದೆ, ಎದುರಿನ ಕಲಾವಿದನ ಮುಂದಿನ ಹೆಜ್ಜೆಯನ್ನು ಊಹಿಸಿ ಆ ಕ್ಷಣದಲ್ಲೇ ಉತ್ತರ ಕೊಡುವ ಈ ವಿದ್ಯೆ ಜಾಝ್ ತಂಡದ ಪಿಯಾನೊವಾದಕನ ವಿದ್ಯೆಗೆ ತೀರ ಹತ್ತಿರದ್ದು. ರಂಗಭೂಮಿಯ ಚರಿತ್ರೆ ಬರೆದವರು ನಟರಿಗೂ ಕವಿಗಳಿಗೂ ಕೊಟ್ಟ ಜಾಗದ ಅರ್ಧದಷ್ಟನ್ನಾದರೂ ಪೇಟಿ ಮಾಸ್ತರರಿಗೆ ಕೊಡಬೇಕಾಗಿತ್ತು.

ಎರಡೂ ಪರಂಪರೆಗಳಿಗೆ ಸಮಾನವಾದ ಒಂದು ಕಷ್ಟವೂ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಮೀಂಡ್ ಹಿಂದೂಸ್ತಾನಿ ಗಾಯನದ ಜೀವ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ತೂಗುವ, ಬ್ಲೂ ನೋಟ್ ಎನಿಸಿಕೊಳ್ಳುವ ಸ್ವರ ಜಾಝ್‌ನ ಜೀವ. ಪೇಟಿಯ ಕೀಗಳಲ್ಲಿಯೂ ಪಿಯಾನೊದ ಕೀಗಳಲ್ಲಿಯೂ ಇವೆರಡಕ್ಕೆ ಎಡೆಯಿಲ್ಲ. ಜಾಝ್‌ನ ಪಿಯಾನೊವಾದಕರು ಪಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಇಲ್ಲವೆ ಬೆರಳನ್ನು ಕರಿ ಕೀಯಿಂದ ಬಿಳಿ ಕೀಗೆ ಜಾರಿಸಿ, ಆ ನಡುಸ್ವರದ ಭ್ರಮೆ ಹುಟ್ಟಿಸಿದರು. ಪೇಟಿಯ ವಾದಕರೂ ಮುಖ್ಯ ಸ್ವರಕ್ಕೆ ಮುನ್ನ ಕಣಸ್ವರವನ್ನು, ಅಂದರೆ ಪಕ್ಕದ ಸ್ವರದ ಕಿರುಸ್ಪರ್ಶವನ್ನು, ಅದೇ ರೀತಿ ಜಾರಿಸಿ, ಜೊತೆಗೆ ತಿದಿಯ ಒತ್ತಡವನ್ನು ಸಡಿಲಿಸಿ ಬಿಗಿಗೊಳಿಸಿ, ಗಾಯನದ ಬಾಗು ಬಳುಕುಗಳನ್ನು ಕಿವಿಗೆ ನಂಬಿಸಿದರು. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ರಾಮಭಾವು ಬಿಜಾಪುರೆ (1917–2010) ಈ ಜಾಣ್ಮೆಯನ್ನು ಸ್ವತಂತ್ರ ವಾದನದ ಮಟ್ಟಕ್ಕೆ ಏರಿಸಿದವರು.

ಪೇಟಿಯ ಮೇಲೆ ಹೊರಿಸಿದ ಆಪಾದನೆಗಳು ಇಂದು ಕೀಬೋರ್ಡಿನ ಮೇಲೆ ಹೊರಿಸುವ ಆಪಾದನೆಗಳೇ: ಪರದೇಶದ ವಸ್ತು, ಸ್ಥಿರಸ್ವರದ್ದು, ಮೀಂಡ್ ಬಾರದ್ದು. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಶ್ರುತಿಯಲ್ಲಿ ಗಾಂಧಾರ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು, ಮೇಲಿರುವುದರಿಂದ ಆಪಾದನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. 1910ರ ದಶಕದಲ್ಲಿ ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಶ್ರುತಿಗಳಿಗೆ ಹೊಂದುವ ಹಾರ್ಮೋನಿಯಂ ಮಾಡಿಸಲು ಯತ್ನಿಸಿದರೂ ಅದು ಬಳಕೆಗೆ ಬರಲಿಲ್ಲ. ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ ಪೇಟಿಯ ವಿರುದ್ಧ ಬರೆದರು, ರವೀಂದ್ರನಾಥ ಠಾಕೂರರು ಅದನ್ನು ಹೊರಗಿಡಬೇಕೆಂದು ಪತ್ರ ಬರೆದರು, 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಅದಕ್ಕೆ ನಿಷೇಧ ಬಿತ್ತು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಕೇಂದ್ರವೂ ಈ ನಿಯಮದಡಿಯಲ್ಲೇ ಹುಟ್ಟಿದ್ದು. 1971ರ ಸುಮಾರಿಗೆ ಷರತ್ತುಗಳೊಡನೆ ನಿಷೇಧ ಸಡಿಲವಾಗುವವರೆಗೆ, ಹಳ್ಳಿಹಳ್ಳಿಯಲ್ಲೂ ಮೊಳಗುತ್ತಿದ್ದ ವಾದ್ಯ ರೇಡಿಯೊದಲ್ಲಿ ಮಾತ್ರ ಕೇಳದಾಗಿತ್ತು.

ಆ ವರ್ಷಗಳಲ್ಲಿ ಪೇಟಿಯನ್ನು ಪೊರೆದ ಮನೆಗಳಲ್ಲಿ ಗದಗದ ವೀರೇಶ್ವರ ಪುಣ್ಯಾಶ್ರಮ ಹಿರಿದಾದದ್ದು. ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಕರ್ನಾಟಕ ಸಂಗೀತವನ್ನೂ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿಯನ್ನೂ ಕಲಿತು, ಅಂಧರಿಗೂ ಅನಾಥರಿಗೂ ಅನ್ನ ಮತ್ತು ವಿದ್ಯೆಗಳನ್ನು ಒಟ್ಟಿಗೆ ಕೊಡುವ ಈ ಆಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಆರು ದಶಕಗಳಿಗೂ ಮಿಕ್ಕಿ ಅದನ್ನು ನಡೆಸಿದರು. ಪೇಟಿಯೂ ಸೇರಿದಂತೆ ಹಲವು ವಾದ್ಯಗಳಲ್ಲಿ ಅವರಿಗೆ ಪ್ರಭುತ್ವವಿತ್ತು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿ ನಡೆಸಿದರು. ಹೀಗೆ ಕಂಪನಿಯ ಪೇಟಿಯೂ ಪಾಠದ ಪೇಟಿಯೂ ಒಂದೇ ಸೂರಿನಡಿ ಬಂದವು.

ಕಣ್ಣಿಲ್ಲದ ಮಗುವಿಗೆ ಪೇಟಿ ಏಕೆ ಒದಗಿತೆಂಬುದನ್ನು ವಾದ್ಯದ ಮೈಯನ್ನೇ ಮುಟ್ಟಿ ತಿಳಿಯಬಹುದು. ಕರಿ ಕೀಗಳು ಎರಡರ ಗುಂಪು, ಮೂರರ ಗುಂಪಾಗಿ ಉಬ್ಬಿ ನಿಂತಿರುವುದರಿಂದ ಬೆರಳಿಗೆ ಗುರುತು ತಪ್ಪುವುದಿಲ್ಲ. ಕರಿ ಎರಡನ್ನು ಷಡ್ಜ ಮಾಡಿಕೊಂಡರೂ ಬಿಳಿ ನಾಲ್ಕನ್ನು ಮಾಡಿಕೊಂಡರೂ ಬೆರಳು ತನ್ನ ದಾರಿಯನ್ನು ತಾನೇ ಎಣಿಸಿಕೊಳ್ಳುತ್ತದೆ. ಎಡ ಅಂಗೈಗೆ ತಿದಿಯ ಹಿಮ್ಮೊತ್ತಡ ಸದಾ ತಿಳಿಯುತ್ತಿರುವುದರಿಂದ ಗಾಳಿ ಎಷ್ಟು ಉಳಿದಿದೆ, ಸ್ವರ ಎಷ್ಟು ಹೊತ್ತು ನಿಂತೀತು ಎಂಬುದು ನೋಡದೆಯೇ ಗೊತ್ತಾಗುತ್ತದೆ. ಸ್ವರ ಕೆಟ್ಟರೆ ರಿಪೇರಿಯೂ ಕೈಯಳತೆಯದೇ: ರೀಡಿನ ತುದಿಯನ್ನು ತುಸು ಉಜ್ಜಿದರೆ ಶ್ರುತಿ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ.

1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. 1980ರ ಬಳಿಕ ಕ್ಯಾಸಿಯೊ ಕಂಪನಿಯ ಸಣ್ಣ ಕೀಬೋರ್ಡುಗಳು ಬಂದು, ಯಾವ ಕಂಪನಿಯದಾದರೂ ಕೀಬೋರ್ಡಿಗೆ ಕ್ಯಾಸಿಯೊ ಎಂದೇ ಹೆಸರಾಯಿತು. ಜಾತ್ರೆಯ ಆರ್ಕೆಸ್ಟ್ರಾಗಳೂ ಕಂಪನಿ ನಾಟಕಗಳೂ ಅದನ್ನು ಬೇಗ ಒಳಗೆ ಬಿಟ್ಟುಕೊಂಡವು. ಗದಗದಿಂದ ಹುಬ್ಬಳ್ಳಿಯ ಕಡೆಗಿರುವ ಬಿಂಕದಕಟ್ಟಿಯಂತಹ ಊರುಗಳ ಭಜನೆಯಲ್ಲಿ ಪೇಟಿಗೆ ಇರುವ ಬಲ ಬೇರೆ: ಕರೆಂಟು ಹೋದರೂ ಪದ ನಿಲ್ಲುವುದಿಲ್ಲ. ಆದರೆ ಶಿರಹಟ್ಟಿಯ ಫಕೀರೇಶ್ವರ ಮಠದ ಅಥವಾ ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆಯಷ್ಟು ದೊಡ್ಡ ಜನಸಂದಣಿಗೆ, ಧ್ವನಿವರ್ಧಕಕ್ಕೆ ನೇರವಾಗಿ ತಂತಿ ಜೋಡಿಸಬಹುದಾದ ಕೀಬೋರ್ಡಿನ ಅನುಕೂಲ ನಿರಾಕರಿಸುವಂಥದ್ದಲ್ಲ.

ಅಗ್ಗದ ಕೀಬೋರ್ಡಿನಲ್ಲಿ ಬೆರಳಿನ ವೇಗವನ್ನು ಅಳೆಯುವ ಸೆನ್ಸರ್ ಇಲ್ಲ, ತಿದಿಯೂ ಇಲ್ಲ. ಪಿಯಾನೊದ ಬೆರಳೂ ಪೇಟಿಯ ಉಸಿರೂ ಎರಡೂ ತಪ್ಪಿದ ಈ ವಾದ್ಯದಲ್ಲಿ ಪೇಟಿ ಕಲಿತವನ ಎಡಗೈ ಕೆಲಸವಿಲ್ಲದೆ ಕೂರುತ್ತದೆ, ಇಲ್ಲವೆ ಸಿದ್ಧತಾಳದ ಬಟನ್ ಒತ್ತುತ್ತದೆ. ಶ್ರುತಿ ಬದಲಿಸುವ ಬಟನ್‌ನಿಂದಾಗಿ ಎಲ್ಲ ಗಾಯಕರಿಗೂ ಒಂದೇ ಬೆರಳುಗಾರಿಕೆಯಲ್ಲಿ ಸಾಥ್ ಕೊಡಬಹುದಾದ್ದರಿಂದ, ಹನ್ನೆರಡೂ ಶ್ರುತಿಗಳಲ್ಲಿ ಬೆರಳು ಪಳಗಿಸುವ ಹಳೆಯ ಸಾಧನೆ ಸಡಿಲಗೊಂಡಿದೆ. ಇದು ನಿಜವಾದ ನಷ್ಟ. ತೆರೆಯ ಮೇಲಿನ ಮೆನುಗಳಿಂದ ಧ್ವನಿ ಆರಿಸಬೇಕಾದ ವಾದ್ಯಗಳು ಅಂಧ ಕಲಾವಿದರಿಗೆ ತಂದೊಡ್ಡಿದ ತೊಡಕು ಅದಕ್ಕಿಂತ ದೊಡ್ಡದು.

ಆದರೂ ಹೊಸ ವಾದ್ಯ ಎಡಗೈಗೆ ಒಂದು ಹೊಸ ಕೆಲಸವನ್ನೂ ತಂದಿದೆ. 1970ರಲ್ಲಿ ಬಂದ ಮಿನಿಮೂಗ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಎಡತುದಿಯಲ್ಲಿ, ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಒಂದು ಚಕ್ರವಿತ್ತು. ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಯಾನ್ ಹ್ಯಾಮರ್ ಆ ಚಕ್ರದ ಮೇಲೆ ಎಡಗೈಯನ್ನಿಟ್ಟು, ಗಿಟಾರಿನ ತಂತಿಯನ್ನು ಎಳೆದಂತೆ ಸ್ವರಗಳನ್ನು ಬಾಗಿಸಿದರು. ಪಿಯಾನೊದಲ್ಲಿ ಭ್ರಮೆಯಾಗಿದ್ದ ನಡುಸ್ವರ ಜಾಝ್‌ಗೆ ಕೀಗಳ ಮೂಲಕವೇ ದಕ್ಕಿತು. ಚೆನ್ನೈನ ಕೆ. ಸತ್ಯನಾರಾಯಣನ್ ಇದೇ ಸೌಕರ್ಯದಿಂದ ಕರ್ನಾಟಕ ಸಂಗೀತದ ಗಮಕಗಳನ್ನು ಕೀಬೋರ್ಡಿನಲ್ಲಿ ನುಡಿಸಿ ತೋರಿಸಿದ್ದಾರೆ. ಗದಗ ಸೀಮೆಯ ಪೇಟಿ ಪರಂಪರೆಯಲ್ಲಿ ಬೆಳೆದ ಕೈಗೆ ಇದು ಪೂರ್ತಿ ಅಪರಿಚಿತವಾದ ಕೆಲಸವೇನಲ್ಲ, ಏಕೆಂದರೆ ಬಲಗೈ ಸ್ವರವನ್ನು ಆರಿಸುವಾಗ ಎಡಗೈ ಅದಕ್ಕೆ ಜೀವ ತುಂಬಬೇಕೆಂಬ ಪಾಠ ಅದಕ್ಕೆ ತಿದಿಯ ಮೇಲೆಯೇ ಆಗಿದೆ. ಚಕ್ರವಿರುವ, ಸೆನ್ಸರ್ ಇರುವ, ಪ್ರತಿ ಸ್ವರದ ಶ್ರುತಿಯನ್ನು ಪ್ರತ್ಯೇಕವಾಗಿ ತಿದ್ದಬಹುದಾದ ಕೀಬೋರ್ಡುಗಳು ಇಂದು ಮಾರುಕಟ್ಟೆಯಲ್ಲಿವೆ. ದೇವಲ್ ಮತ್ತು ಕ್ಲೆಮೆಂಟ್ಸ್ ಬಯಸಿದ 14 ಸೆಂಟಿನ ತಿದ್ದುಪಡಿಯನ್ನು ಅವುಗಳಲ್ಲಿ ಒಂದು ನಿಮಿಷದೊಳಗೆ ಮಾಡಿ ಮುಗಿಸಬಹುದು.